ದೊಡ್ಡ ಆಟಗಾರ ಯಾರು? ಅಳತೆಗೋಲು ಬದಲಾಗುತ್ತಾ ಬಂದ ಕಥೆ

ಬೆಳಗಾವಿಯ ಟಿಳಕವಾಡಿಯಲ್ಲಿ ನಾವು ಸಂಜೆ ಸೇರುವ ಚಹಾದಂಗಡಿಯಲ್ಲಿ ಒಂದು ವಾದ ಹದಿನೈದು ವರ್ಷದಿಂದ ಮುಗಿದೇ ಇಲ್ಲ. "ಟೆನಿಸ್‌ನಾಗ ಎಲ್ಲಾರಗಿಂತ ದೊಡ್ಡಾಂವ ಯಾರ್ರೀ?" ಒಬ್ಬರು ಫೆಡರರ್ ಅಂದರೆ ಇನ್ನೊಬ್ಬರು ನಡಾಲ್ ಅನ್ನುತ್ತಾರೆ. ಮೂಲೆಯಿಂದ ಜೊಕೊವಿಚ್ ಹೆಸರು ಬರುತ್ತದೆ. ಈಚೆಗೆ ಕಾಲೇಜು ಹುಡುಗರು ಅಲ್ಕರಾಜ್‌ನನ್ನೂ ಎಳೆದು ತರುತ್ತಾರೆ. ಎಲ್ಲರ ಬಾಯಲ್ಲೂ ಅಂಕಿಗಳಿವೆ. ಆದರೆ ಒಬ್ಬರ ಅಂಕಿ ಇನ್ನೊಬ್ಬರಿಗೆ ಲೆಕ್ಕಕ್ಕೇ ಇಲ್ಲ. ಯಾಕೆಂದರೆ ಒಬ್ಬೊಬ್ಬರು ಒಂದೊಂದು ಕಾಲದ ಅಳತೆಗೋಲು ಹಿಡಿದು ಕೂತಿದ್ದಾರೆ.

ಈಗ ಎಲ್ಲರೂ ಮೊದಲು ಎಣಿಸುವುದು ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ, ಅಂದರೆ ಆಸ್ಟ್ರೇಲಿಯಾ ಓಪನ್, ಫ್ರೆಂಚ್ ಓಪನ್, ವಿಂಬಲ್ಡನ್, ಅಮೆರಿಕ ಓಪನ್ ಈ ನಾಲ್ಕು ದೊಡ್ಡ ಟೂರ್ನಿಗಳ ಪ್ರಶಸ್ತಿ. ಜೊಕೊವಿಚ್ 24, ನಡಾಲ್ 22, ಫೆಡರರ್ 20. ಇಲ್ಲಿಗೆ ವಾದ ಮುಗಿಯಬೇಕಿತ್ತು, ಅಲ್ವಾ? ಆದರೆ ಈ ಎಣಿಕೆ ಇಷ್ಟು ದೊಡ್ಡದಾಗಿದ್ದೇ ಈಚೆಗೆ.

1968ಕ್ಕೂ ಮೊದಲು ದುಡ್ಡಿಗಾಗಿ ಆಡುವ ಆಟಗಾರರಿಗೆ ವಿಂಬಲ್ಡನ್ ಸೇರಿ ನಾಲ್ಕೂ ದೊಡ್ಡ ಟೂರ್ನಿಗಳ ಬಾಗಿಲು ಮುಚ್ಚಿತ್ತು. ಆಸ್ಟ್ರೇಲಿಯಾದ ರಾಡ್ ಲೇವರ್ 1962ರಲ್ಲಿ ಒಂದೇ ವರ್ಷ ನಾಲ್ಕನ್ನೂ ಗೆದ್ದರು. ಅದರ ಹಿಂದಿನ ವರ್ಷ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಅವರ ಎದುರು ಆಡಿದ್ದು ನಮ್ಮ ರಾಮನಾಥನ್ ಕೃಷ್ಣನ್. 1962ರ ನಂತರ ಲೇವರ್ ವೃತ್ತಿಪರರಾದರು. 1963ರಿಂದ 1967ರವರೆಗೆ ಐದು ವರ್ಷ, 20 ಟೂರ್ನಿಗಳು ಅವರ ಕೈ ತಪ್ಪಿದವು. ಬಾಗಿಲು ತೆರೆದ ಮೇಲೆ, 1969ರಲ್ಲಿ, ಮತ್ತೆ ನಾಲ್ಕನ್ನೂ ಗೆದ್ದರು! ಒಟ್ಟು 11. ಈ 11ನ್ನು 24ರ ಪಕ್ಕ ಇಟ್ಟು ತೂಗುವುದು ನನಗಂತೂ ಸರಿ ಕಾಣುವುದಿಲ್ಲ. ಆದರೆ 1962ರಲ್ಲಿ ಕೆನ್ ರೋಸ್‌ವಾಲ್ ಅಂಥ ದೊಡ್ಡ ಆಟಗಾರರು ವೃತ್ತಿಪರರಾಗಿ ಹೊರಗೇ ಇದ್ದರು, ಲೇವರ್ ಅವರನ್ನು ಎದುರಿಸಬೇಕಾಗಿರಲಿಲ್ಲ ಅನ್ನೋದೂ ನಿಜ.

ಎಪ್ಪತ್ತರ ದಶಕದಲ್ಲೂ ಎಣಿಕೆ ಯಾರ ತಲೆಯಲ್ಲೂ ಅಷ್ಟಾಗಿ ಇರಲಿಲ್ಲ. ಬ್ಯೋನ್ ಬೋರ್ಗ್ ಆಸ್ಟ್ರೇಲಿಯಾ ಓಪನ್ ಆಡಿದ್ದು ಒಂದೇ ಸಲ. ಆಗ ಎಷ್ಟೋ ದೊಡ್ಡವರು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ. ವಿಂಬಲ್ಡನ್ ಸತತ ಐದು ಸಲ ಗೆದ್ದ ಬೋರ್ಗ್ 26ನೇ ವಯಸ್ಸಿಗೇ ನಿವೃತ್ತಿ ಹೇಳಿದರು. ರಾಯ್ ಎಮರ್ಸನ್ ಅವರ 12 ಪ್ರಶಸ್ತಿಯ ದಾಖಲೆ ದೊಡ್ಡ ಮಾತಾಗಿದ್ದು ಪೀಟ್ ಸಾಂಪ್ರಾಸ್ ಅದರ ಹತ್ತಿರ ಬಂದಾಗ. 2000ದ ವಿಂಬಲ್ಡನ್‌ನಲ್ಲಿ ಸಾಂಪ್ರಾಸ್ 13 ಮುಟ್ಟಿದರು, 2002ರಲ್ಲಿ 14. ಅಲ್ಲಿಂದ ಎಣಿಕೆಯೇ ಅಳತೆಗೋಲಾಯಿತು.

ಸಾಂಪ್ರಾಸ್ ಒಮ್ಮೆಯೂ ಮಣ್ಣಿನ ಮೇಲೆ ನಡೆಯುವ ಫ್ರೆಂಚ್ ಓಪನ್ ಗೆಲ್ಲಲಿಲ್ಲ. ನೆಲದ ಪ್ರಶ್ನೆ ಇಲ್ಲಿ ಬರುತ್ತದೆ. ಕುಸ್ತಿ ನೋಡಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಂಪು ಮಣ್ಣಿನ ಕಣದಲ್ಲಿ ಜಂಗಿ ನಿಕಾಲಿ (ಸೋಲು-ಗೆಲುವು ತೀರುವವರೆಗಿನ ಕುಸ್ತಿ) ಆಡುವ ಪೈಲ್ವಾನನನ್ನು ಮ್ಯಾಟ್ ಮೇಲೆ ನಿಲ್ಲಿಸಿದರೆ ಅದು ಬೇರೆಯೇ ಆಟ. ಟೆನಿಸ್‌ನಲ್ಲೂ ಹಾಗೆ. ಮಣ್ಣಿನ ಮೇಲೆ ಚೆಂಡು ನಿಧಾನವಾಗಿ, ಎತ್ತರಕ್ಕೆ ಪುಟಿಯುತ್ತದೆ. ಹುಲ್ಲಿನ ಮೇಲೆ ಕೆಳಗೇ ಜಾರಿ ಹೋಗುತ್ತದೆ. 1974ರವರೆಗೆ ನಾಲ್ಕರಲ್ಲಿ ಮೂರು ಟೂರ್ನಿ ಹುಲ್ಲಿನ ಮೇಲೇ ನಡೆಯುತ್ತಿದ್ದವು. ಆಮೇಲೆ ಅಮೆರಿಕ, ಆಸ್ಟ್ರೇಲಿಯಾ ಎರಡೂ ಹಾರ್ಡ್ ಕೋರ್ಟ್‌ಗೆ ಬಂದವು. 2001ರಲ್ಲಿ ವಿಂಬಲ್ಡನ್ ತನ್ನ ಹುಲ್ಲಿನ ತಳಿಯನ್ನೇ ಬದಲಿಸಿತು. ನೆಲ ಗಟ್ಟಿಯಾಯಿತು, ಚೆಂಡು ಮೊದಲಿಗಿಂತ ಚೆನ್ನಾಗಿ ಪುಟಿಯತೊಡಗಿತು. ರ‍್ಯಾಕೆಟ್‌ಗೆ ಪಾಲಿಯೆಸ್ಟರ್ ತಂತಿ ಬಂದ ಮೇಲೆ ಹಿಂದಿನ ಗೆರೆಯಲ್ಲೇ ನಿಂತು ಚೆಂಡನ್ನು ಸುತ್ತಿಸಿ ಹೊಡೆಯುವುದು ಸುಲಭವಾಯಿತು. ಒಬ್ಬನೇ ಆಟಗಾರ ನಾಲ್ಕೂ ಕಡೆ ಗೆಲ್ಲುವ ದಾರಿ ತೆರೆದದ್ದು ಹೀಗೆ.

2009ರ ವಿಂಬಲ್ಡನ್‌ನಲ್ಲಿ ಫೆಡರರ್ ಐದನೇ ಸೆಟ್ 16-14ರಿಂದ ಗೆದ್ದು 15 ಮುಟ್ಟಿದಾಗ ನಮ್ಮ ಅಂಗಡಿಯಲ್ಲಿ ವಾದ ಮುಗಿದೇ ಹೋಗಿತ್ತು. 15 ಅಂದರೆ 15. ಆಗ ಯಾರೂ ಲೇವರ್ ಕಳೆದುಕೊಂಡ ಐದು ವರ್ಷದ ಮಾತು ಎತ್ತಲಿಲ್ಲ. ಒಂದು ತಕರಾರು ಮಾತ್ರ ಉಳಿದಿತ್ತು. ನಡಾಲ್ ಎದುರು ಫೆಡರರ್ ಜಾಸ್ತಿ ಸೋಲುತ್ತಾರಲ್ಲ? ಕೊನೆಗೆ ಆ ಲೆಕ್ಕ 24-16 ಆಗಿ ನಿಂತಿತು. ಅದಕ್ಕೂ ಉತ್ತರ ಸಿದ್ಧವಿತ್ತು: 2009ರ ಹೊತ್ತಿಗೆ ಅವರಿಬ್ಬರು ಆಡಿದ ಪಂದ್ಯಗಳಲ್ಲಿ ಮಣ್ಣಿನ ಮೇಲಿನವೇ ಜಾಸ್ತಿ.

ನನಗೆ ಚೆನ್ನಾಗಿ ನೆನಪಿರುವುದು 2019ರ ಜುಲೈ 14, ಭಾನುವಾರ. ಒಂದು ಕಡೆ ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್, ಇನ್ನೊಂದು ಕಡೆ ಫೆಡರರ್ ಮತ್ತು ಜೊಕೊವಿಚ್ ನಡುವೆ ವಿಂಬಲ್ಡನ್ ಫೈನಲ್. ಮನೆಯಲ್ಲಿ ರಿಮೋಟ್‌ಗೆ ಜಗಳ. ಐದನೇ ಸೆಟ್, ಫೆಡರರ್ 8-7 ಮುಂದೆ, ಅವರದೇ ಸರ್ವ್, 40-15. ಎರಡು ಚಾಂಪಿಯನ್‌ಷಿಪ್ ಪಾಯಿಂಟ್, ಅಂದರೆ ಎರಡರಲ್ಲಿ ಒಂದು ಗೆದ್ದರೂ ಕಪ್ಪು ಅವರದೇ. ಅವರಿಗೆ ಆಗ 37 ವರ್ಷ. ಗ್ಯಾಲರಿಯೆಲ್ಲ ಅವರ ಕಡೆಗೇ ಇತ್ತು. ಮೊದಲನೆಯದರಲ್ಲಿ ಫೋರ್‌ಹ್ಯಾಂಡ್ ಹೊರಗೆ ಹೋಯಿತು. ಎರಡನೆಯದರಲ್ಲಿ ಫೆಡರರ್ ನೆಟ್ ಹತ್ತಿರ ಬಂದರು. ಜೊಕೊವಿಚ್ ಚೆಂಡನ್ನು ಅಡ್ಡಡ್ಡ ದಾಟಿಸಿಬಿಟ್ಟರು. ನಾಲ್ಕು ಗಂಟೆ 57 ನಿಮಿಷದ ಆ ಪಂದ್ಯದಲ್ಲಿ ಫೆಡರರ್ ಗಳಿಸಿದ ಪಾಯಿಂಟ್ 218, ಜೊಕೊವಿಚ್ 204. ಆದರೆ ಸೆಟ್ ಸಮವಾದಾಗ ಅದನ್ನು ತೀರ್ಮಾನಿಸುವ ಟೈಬ್ರೇಕ್ ಮೂರು ಸಲ ಬಂತು, ಮೂರೂ ಜೊಕೊವಿಚ್ ಪಾಲಾದವು. ಕಪ್ಪೂ ಅವರದಾಯಿತು.

ಮರುದಿನ ಅಂಗಡಿಯಲ್ಲಿ "ಫೆಡರರ್ ಆಟ ನೋಡಾಕ ಚಂದ ರೀ" ಅನ್ನುವ ಮಾತು ಮೊದಲಿಗಿಂತ ಜೋರಾಗಿ ಕೇಳಿಸಿತು. ಚಂದ ಹೌದು. ನಾನೂ ಒಪ್ಪುತ್ತೇನೆ. ಆದರೆ 2009ರಲ್ಲಿ ನಾವು ಅಳೆದದ್ದು ಚಂದವನ್ನಲ್ಲ, ಪ್ರಶಸ್ತಿಯನ್ನು.

ಆಮೇಲೆ ಅಳತೆಗೋಲು ಬೇಗ ಬೇಗ ಬದಲಾಯಿತು. ಪರಸ್ಪರ ಪಂದ್ಯದಲ್ಲಿ ಜೊಕೊವಿಚ್ ಇಬ್ಬರಿಗಿಂತಲೂ ಮುಂದಾದರು: ನಡಾಲ್ ವಿರುದ್ಧ 31-29, ಫೆಡರರ್ ವಿರುದ್ಧ 27-23. ಆಗ ಆ ಲೆಕ್ಕವನ್ನೇ ಕೈಬಿಟ್ಟರು. ನಂಬರ್ ಒನ್ ಸ್ಥಾನದಲ್ಲಿ ಫೆಡರರ್ ಇದ್ದದ್ದು 310 ವಾರ, ಜೊಕೊವಿಚ್ 428 ವಾರ. ವಾರಗಳ ಮಾತೂ ನಿಂತಿತು. ಫ್ರೆಂಚ್ ಓಪನ್‌ನಲ್ಲಿ 112 ಗೆದ್ದು ನಾಲ್ಕೇ ಸೋತ ನಡಾಲ್ ಮಣ್ಣಿನ ರಾಜ. ಅದರಲ್ಲಿ ಎರಡನೇ ಮಾತಿಲ್ಲ. ಆ ನಾಲ್ಕು ಸೋಲಿನಲ್ಲಿ ಎರಡು ಜೊಕೊವಿಚ್ ಕೈಯಲ್ಲಿ ಆದವು ಅನ್ನೋದನ್ನು ಮಾತ್ರ ನಮ್ಮಲ್ಲಿ ಕಡಿಮೆ ಜನ ನೆನೆಯುತ್ತಾರೆ. ನಾಲ್ಕೂ ಟೂರ್ನಿಗಳನ್ನು ಕನಿಷ್ಠ ಮೂರು ಮೂರು ಸಲ ಗೆದ್ದ ಗಂಡಸು ಜೊಕೊವಿಚ್ ಒಬ್ಬರೇ.

"ಒಲಿಂಪಿಕ್ಸ್ ಚಿನ್ನ ಎಲ್ಲೈತಿ?" ಅನ್ನೋದು ತುಂಬಾ ದಿನ ಉಳಿದಿದ್ದ ಪ್ರಶ್ನೆ. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನ ಅದೇ ಮಣ್ಣಿನ ಮೇಲೆ, 37ರ ವಯಸ್ಸಿನಲ್ಲಿ, ಜೊಕೊವಿಚ್ ಎರಡು ಟೈಬ್ರೇಕ್‌ಗಳಲ್ಲಿ ಅಲ್ಕರಾಜ್‌ರನ್ನು ಸೋಲಿಸಿ ಅದನ್ನೂ ತೆಗೆದುಕೊಂಡರು. ಗೆದ್ದ ಮೇಲೆ ನೆಲಕ್ಕೆ ಕುಸಿದು ಅತ್ತರು.

ಈಗ ಅಂಗಡಿಯಲ್ಲಿ ಹೊಸ ಪ್ರಶ್ನೆ ಬಂದಿದೆ. ಒಂದೇ ವರ್ಷ ನಾಲ್ಕೂ ಗೆದ್ದಿದ್ದಾರಾ? ಇಲ್ಲ. 2021ರಲ್ಲಿ ಮೊದಲ ಮೂರು ಗೆದ್ದರು, ಅಮೆರಿಕದ ಫೈನಲ್‌ನಲ್ಲಿ ಮೆಡ್ವೆಡೆವ್‌ಗೆ ಸೋತರು. ಅದನ್ನು ಮಾಡಿದ ಗಂಡಸರು ಇಬ್ಬರೇ. 1938ರಲ್ಲಿ ಡಾನ್ ಬಡ್ಜ್, ಆಮೇಲೆ ಎರಡು ಸಲ ಲೇವರ್. ಹದಿನೈದು ವರ್ಷದ ವಾದದಲ್ಲಿ ಲೇವರ್ ಹೆಸರು ನಮ್ಮ ಬೆಂಚಿನ ಮೇಲೆ ಮೊದಲ ಸಲ ಬಂದಿದ್ದು ಆಗ.