ಗ್ಯಾಸ್ ಭಟ್ಟಿ ಅಂಗಡಿಗಳು ಸೊರಗಿದ್ದು ಹೇಗೆ?

ಜಾಲಿ ಕಟ್ಟಿಗೆ, ಮೂರು ಕಲ್ಲು, ಕಲಾಯಿ (ತವರದ ಲೇಪ) ಹಾಕಿದ ತಾಮ್ರದ ಡೇಗು, ಅಂದರೆ ದೊಡ್ಡ ಅಡುಗೆ ಪಾತ್ರೆ. ಕಲಬುರಗಿ ಸೀಮೆಯ ಮದುವೆಗಳಲ್ಲಿ ತಹರಿ (ಮಸಾಲೆ ಅನ್ನ), ಹುಗ್ಗಿ ಬೇಯುತ್ತಿದ್ದದ್ದು ಇಷ್ಟರಲ್ಲೇ. ಒಲೆಯನ್ನು ಯಾರೂ ಕೊಳ್ಳುತ್ತಿರಲಿಲ್ಲ, ಪಾತ್ರೆ ಅಂಗಡಿಗೆ ಹೋಗುತ್ತಿದ್ದದ್ದು ಡೇಗಿಗಾಗಿ ಮಾತ್ರ. 19 ಕೆಜಿಯ ವಾಣಿಜ್ಯ ಸಿಲಿಂಡರ್ ಸಲೀಸಾಗಿ ಸಿಗತೊಡಗಿದ ಮೇಲೆ ಕಬ್ಬಿಣದ ಗ್ಯಾಸ್ ಭಟ್ಟಿಯೂ, ಅಂದರೆ ದೊಡ್ಡಡುಗೆಯ ಒಲೆಯೂ, ಸರಕಾಯಿತು, ಪಾತ್ರೆ ಅಂಗಡಿಗಳ ಮುಂದೆ ಭಟ್ಟಿಗಳ ಸಾಲು ಬಂತು.

ಭಟ್ಟಿಯಲ್ಲಿ ಅಂಥ ಗುಟ್ಟೇನಿಲ್ಲ. ಆಂಗಲ್ ಕಬ್ಬಿಣದ ನಾಲ್ಕು ಕಾಲು, ಬೀಡು ಕಬ್ಬಿಣದ ಬರ್ನರ್, ಗ್ಯಾಸ್ ಹೊರಬರುವ ಸಣ್ಣ ತೂತಿನ ಹಿತ್ತಾಳೆಯ ಜೆಟ್, ನಲ್ಲಿ, ರಬ್ಬರ್ ಪೈಪು. ತೊಂದರೆ ಹೆಚ್ಚಾಗಿ ಜೆಟ್ಟಿನಿಂದಲೇ. ಕಸ ಕಟ್ಟಿದಾಗ ತಂತಿ ತೂರಿಸುತ್ತಾರೆ, ತೂತು ದೊಡ್ಡದಾಗುತ್ತದೆ. ಗ್ಯಾಸ್ ಹೆಚ್ಚು, ಅದಕ್ಕೆ ತಕ್ಕ ಗಾಳಿ ಇಲ್ಲ. ಉರಿ ಹಳದಿಯಾಗಿ ಡೇಗಿನ ತಳಕ್ಕೆ ಮಸಿ ಹತ್ತುತ್ತದೆ. ಅಂಥ ಜೆಟ್ ಬದಲಿಸುವುದೊಂದೇ ದಾರಿ.

ಸಿಲಿಂಡರ್ ಮೈಮೇಲೆ ಮಂಜು ಕಟ್ಟುವುದು ಇನ್ನೊಂದು ತಕರಾರು. ಒಳಗಿನ ದ್ರವ ಆವಿಯಾಗುವಾಗ ಶಾಖ ಹೀರುತ್ತದೆ. ದೊಡ್ಡ ಬರ್ನರ್ ದ್ರವ ಆವಿಯಾಗುವುದಕ್ಕಿಂತ ಬೇಗ ಗ್ಯಾಸ್ ಎಳೆದರೆ ಒತ್ತಡ ಕುಸಿದು ಉರಿ ಸಣ್ಣಗಾಗುತ್ತದೆ. ಆಗ ಸಿಲಿಂಡರ್ ಮಲಗಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ದ್ರವವೇ ಪೈಪಿಗೆ ಇಳಿದು ಬೆಂಕಿ ಹಾರುತ್ತದೆ. ಎರಡು ಸಿಲಿಂಡರ್ ಜೋಡಿಸಿ ಹಚ್ಚಬೇಕು. ನಮ್ಮ ಎರೆ ಮಣ್ಣಿನದು ಬೇರೆಯೇ ಪಾಠ: 20 ಕೆಜಿ ಅಕ್ಕಿ, 35–40 ಲೀಟರ್ ನೀರು, ಡೇಗಿನ ತೂಕ ಎಲ್ಲ ಸೇರಿ ಮಣ್ಣು ಹಸಿಯಿದ್ದರೆ ಒಂದು ಕಾಲು ಕುಸಿದೇಬಿಡುತ್ತದೆ. ಕಾಲಿಗೊಂದು ಶಹಾಬಾದ್ ಫರಶಿ (ಚಪ್ಪಡಿ ಕಲ್ಲು) ಇಟ್ಟರೆ ಸಾಕು, ಆದರೆ ಉರಿಯ ನೇರಕ್ಕೆ ಫರಶಿ ಬೇಡ, ಕಾದು ಸಿಡಿಯುತ್ತದೆ.

ವ್ಯಾಪಾರ ಇಳಿಯಲು ಮೊದಲ ಕಾರಣ ಭಟ್ಟಿಯ ಗಟ್ಟಿತನವೇ. ಒಮ್ಮೆ ಕೊಂಡವರು ವರ್ಷಗಟ್ಟಲೆ ತಿರುಗಿ ಬರುವುದಿಲ್ಲ. ಶಾಮಿಯಾನದವರು ಹತ್ತು ಭಟ್ಟಿ ಕೊಂಡು ಬಾಡಿಗೆಗೆ ಬಿಟ್ಟರೆ ಊರಿಗೇ ಸಾಕು. ಆಮೇಲೆ ಕಲ್ಯಾಣ ಮಂಟಪಗಳು ಸ್ವಂತ ಅಡುಗೆಮನೆ ಕಟ್ಟಿಸಿದವು, ಕೇಟರಿಂಗ್‌ನವರು ಸಾಮಾನು ತಾವೇ ತರತೊಡಗಿದರು. ತೆಳು ತಗಡಿನ ಅಗ್ಗದ ಭಟ್ಟಿ ಬಂದು ಲಾಭವೂ ಕರಗಿತು. ಅದರ ಮೇಲೆ ಕೋವಿಡ್. ದೇಶದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಕಲಬುರಗಿಯಲ್ಲೇ ಆಯಿತು. ಆ ವರ್ಷವೂ ಮರುವರ್ಷವೂ ಬೇಸಿಗೆಯ ಮದುವೆಗಳು ಮನೆಯಂಗಳದಲ್ಲೇ ಮುಗಿದವು. ಚೇತರಿಸಿಕೊಳ್ಳುವ ಹೊತ್ತಿಗೆ, 2022ರ ಮೇನಲ್ಲಿ, 19 ಕೆಜಿ ಸಿಲಿಂಡರ್ ದೆಹಲಿಯಲ್ಲೇ 2,355 ರೂಪಾಯಿ ದಾಟಿತ್ತು. ಎಷ್ಟೋ ಜನ ಕಟ್ಟಿಗೆಗೆ ಮರಳಿದರು.

ಈಗ ಅಂಗಡಿ ನಡೆಸುವುದು ಜೆಟ್, ನಲ್ಲಿ, ಪೈಪು, ರಿಪೇರಿ. ಜೊತೆಗೆ ಕಲಾಯಿ. ಡೇಗನ್ನು ಹುಣಸೆ, ಮರಳು ಹಾಕಿ ಉಜ್ಜಿ, ಕೆಂಡದ ಮೇಲೆ ಕಾಯಿಸಿ, ನವಸಾಗರ ಎರಚುತ್ತಾರೆ. ಬಿಳಿ ಹೊಗೆ ಏಳುತ್ತಿದ್ದಂತೆ ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ಒಂದೇ ಸಮ ಒರೆಸಬೇಕು. ಜಿಡ್ಡು ಉಳಿದಲ್ಲಿ ತವರ ಹಿಡಿಯುವುದಿಲ್ಲ, ಕಪ್ಪು ಚುಕ್ಕೆ ನಿಲ್ಲುತ್ತದೆ. ತವರ ಕರಗುವುದು 232 ಡಿಗ್ರಿಗೆ, ಹಾಗಾಗಿ ಖಾಲಿ ಡೇಗನ್ನು ಉರಿಗಿಟ್ಟರೆ ಹೊಸ ಕಲಾಯಿಯೂ ಅಂದೇ ಹೋಯಿತು.