ಲಾನ್‌ನಲ್ಲಿ ನೀರು ಯಾಕೆ ನಿಲ್ಲುತ್ತದೆ?

ಮಳೆ ನಿಂತು ಎರಡು ದಿನವಾಗಿದೆ. ಆದರೂ ಲಾನ್ ಮೇಲೆ ಕಾಲಿಟ್ಟರೆ ಪಚಕ್ ಅನ್ನುತ್ತದೆ. ಅಲ್ಲಲ್ಲಿ ಪಾಚಿ, ಹಳದಿಗೆ ತಿರುಗಿದ ಹುಲ್ಲು. ಇಂಥ ಜಾಗಕ್ಕೆ ಬಹಳ ಜನ ಮೊದಲು ತರಿಸುವುದು ಮರಳು. ಸ್ವಲ್ಪ ತಡೆಯಿರಿ, ಮೊದಲು ಒಂದು ಗುಂಡಿ ತೋಡಿ.

ಒಂದು ಅಡಿ ಆಳ ಸಾಕು. ನೀರು ತುಂಬಿಸಿ ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿಸಿ, ಸ್ಕೇಲ್ ನಿಲ್ಲಿಸಿ ನೋಡಿ. ಗಂಟೆಗೆ 2.5ರಿಂದ 5 ಸೆಂ.ಮೀ. ಇಳಿದರೆ ಮಣ್ಣಿನ ತಪ್ಪಿಲ್ಲ. ಚಾವಣಿಯ ನೀರೋ, ಪಕ್ಕದ ದಿಬ್ಬದ ನೀರೋ ಅಲ್ಲಿಗೆ ಬಂದು ಸೇರುತ್ತಿರಬೇಕು. ಅರ್ಧ ಸೆಂ.ಮೀ. ಕೂಡ ಇಳಿಯದಿದ್ದರೆ ಮಣ್ಣನ್ನೇ ವಿಚಾರಿಸಬೇಕು. ತೋಡಿದ ಮಣ್ಣನ್ನು ಮೂಸಿಯೂ ನೋಡಿ. ಕೊಳೆತ ಮೊಟ್ಟೆಯ ವಾಸನೆ, ನೀಲಿ ಬೆರೆತ ಬೂದು ಬಣ್ಣ ಇದ್ದರೆ ಅಲ್ಲಿ ಗಾಳಿಯಾಡಿ ತುಂಬಾ ದಿನವಾಗಿದೆ ಅಂತ ಲೆಕ್ಕ. ಆಮ್ಲಜನಕ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ಅಂದರೆ ಬೇರು ಸಾಯುವುದು ಉಸಿರುಕಟ್ಟಿ.

ಒಳ್ಳೆಯ ಮಣ್ಣಿನಲ್ಲಿ ಅರ್ಧದಷ್ಟು ಬರೀ ಸಂದಿ. ಜೇಡಿಮಣ್ಣಿನಲ್ಲೂ ಸಂದಿಗೆ ಬರವಿಲ್ಲ, ಆದರೆ ಅದರ ಕಣ 0.002 ಮಿ.ಮೀ.ಗಿಂತ ಸಣ್ಣದು, ಸಂದಿಯೂ ಅಷ್ಟೇ ಸಣ್ಣದು. ಕಿರುಗೊಳವೆಯ ಅಗಲ ಅರ್ಧಕ್ಕಿಳಿದರೆ ಅದರಲ್ಲಿ ಹರಿಯುವ ನೀರು 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ! ಇದಕ್ಕೆ ನಾಲ್ಕು ಬುಟ್ಟಿ ಮರಳು ಬೆರೆಸಿದರೆ ಮರಳಿನ ನಡುವೆ ಜೇಡಿ ತುಂಬಿಕೊಂಡು ಗಾರೆಯಂತೆ ಗಟ್ಟಿಯಾಗುತ್ತದೆ. ಮಣ್ಣಿಗಿಂತ ಮರಳೇ ಜಾಸ್ತಿಯಾಗುವಷ್ಟು ಸುರಿದರೆ ಮಾತು ಬೇರೆ.

ಅಡಿಯಲ್ಲಿ ಜಲ್ಲಿ ಹಾಸಿದರೆ? ಸ್ಪಾಂಜ್ ಒಂದನ್ನು ನೀರಿನಲ್ಲಿ ಅದ್ದಿ, ಮಟ್ಟಸವಾಗಿ ಎತ್ತಿ ಹಿಡಿಯಿರಿ. ತೊಟ್ಟಿಕ್ಕುವುದು ನಿಲ್ಲುತ್ತದೆ. ಈಗ ಅದನ್ನೇ ಉದ್ದಕ್ಕೆ ನಿಲ್ಲಿಸಿ ಹಿಡಿದರೆ ಇನ್ನಷ್ಟು ಸುರಿಯುತ್ತದೆ. ಸ್ಪಾಂಜ್ ಅದೇ, ಕೆಳಗಿರುವುದು ಬರೀ ಗಾಳಿ. ಆದರೂ ಸಣ್ಣ ಸಂದಿಗಳು ನೀರನ್ನು ಬಿಟ್ಟುಕೊಡಲಿಲ್ಲ, ಅಲ್ವಾ? ಜಲ್ಲಿಯ ಮೇಲಿನ ಮಣ್ಣೂ ಹೀಗೇ, ಪೂರ್ತಿ ನೆನೆದು ತುಳುಕುವವರೆಗೆ ಹನಿ ಬಿಡುವುದಿಲ್ಲ.

ಹಾಗಾಗಿ ಮೊದಲು ದೊಡ್ಡ ಸಂದಿ ಮಾಡಿ. ಪೊಳ್ಳು ಹಲ್ಲಿನ ಏರೇಟರ್‌ನಿಂದ ಎರಡು ಮೂರು ಇಂಚು ಆಳದ ಮಣ್ಣಿನ ಬೆರಳುಗಳನ್ನು ಕಿತ್ತು ತೆಗೆಯಿರಿ. ಬರೀ ಮೊಳೆ ಚುಚ್ಚಿದರೆ ಸುತ್ತಲಿನ ಮಣ್ಣು ಇನ್ನೂ ಒತ್ತಿಕೊಳ್ಳುತ್ತದೆ. ಮೇಲೆ ತೆಳುವಾಗಿ ಕಾಂಪೋಸ್ಟ್ ಎರಚಿ. ಮುಂದಿನದು ಎರೆಹುಳದ ಕೆಲಸ, ಅದಕ್ಕೆ ಅವಸರವಿಲ್ಲ. ಮಣ್ಣು ಒದ್ದೆಯಿರುವಾಗ ಮಾತ್ರ ಇದಕ್ಕೆ ಕೈಹಾಕಬೇಡಿ.

ಗೋಡೆಯಿಂದಾಚೆಗೆ ಮೀಟರಿಗೆ 2 ಸೆಂ.ಮೀ.ನಷ್ಟು ಇಳಿಜಾರು ಇರಲಿ. ಬಹಳಷ್ಟು ಲಾನ್‌ಗಳಿಗೆ ಇಷ್ಟೇ ಸಾಕಾಗುತ್ತದೆ.

ಅದೂ ಸಾಲದಿದ್ದರೆ ಬಸಿಗಾಲುವೆ. ಇಂಗ್ಲಿಷಿನಲ್ಲಿ ಫ್ರೆಂಚ್ ಡ್ರೈನ್. ಫ್ರಾನ್ಸಿಗೂ ಇದಕ್ಕೂ ಸಂಬಂಧವಿಲ್ಲ. 1859ರಲ್ಲಿ ಹೊಲದ ನೀರು ಬಸಿಯುವ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೆನ್ರಿ ಫ್ರೆಂಚ್ ಹೆಸರು ಅಂಟಿಕೊಂಡಿತು, ಅಷ್ಟೇ. ಮೀಟರಿಗೆ 1 ಸೆಂ.ಮೀ. ಇಳಿಜಾರಿನ ಕಾಲುವೆ, ಅದರಲ್ಲಿ ತೂತಿನ ಪೈಪು, ಸುತ್ತ ಜಲ್ಲಿ. ಇಲ್ಲಿ ಜಲ್ಲಿ ಕೆಲಸ ಮಾಡುತ್ತದೆ, ಯಾಕೆಂದರೆ ತುಳುಕಿದ ನೀರಿಗೆ ಹೊರಗೆ ಹೋಗಲು ದಾರಿಯಿದೆ. ಜಲ್ಲಿಯನ್ನು ನೆಲದ ಮಟ್ಟದವರೆಗೂ ತನ್ನಿ. ಮೇಲೆ ಜೇಡಿ ಮುಚ್ಚಿದರೆ ಮಳೆನೀರು ಒಳಗಿಳಿಯುವುದೇ ಇಲ್ಲ. ಪೈಪಿನ ತೂತು ಕೆಳಮುಖವಾಗಿರಲಿ. ಕಾಲುವೆಯಲ್ಲಿ ನೀರು ಬುಡದಿಂದ ಮೇಲಕ್ಕೆ ತುಂಬುತ್ತದೆ.