ಆಂಟ್ರಿಕ್ಸ್–ದೇವಾಸ್ ವಿವಾದದ ಮೂಲಕ ಆರ್ಬಿಟ್ರೇಷನ್ ಮತ್ತು ಮೀಡಿಯೇಷನ್: ಅಧ್ಯಯನ ಟಿಪ್ಪಣಿ

1996ರ ಆರ್ಬಿಟ್ರೇಷನ್ ಮತ್ತು ರಾಜಿ ಸಂಧಾನ ಅಧಿನಿಯಮವನ್ನು (ಆರ್ಬಿಟ್ರೇಷನ್ ಎಂದರೆ ಪಕ್ಷಕಾರರು ಒಪ್ಪಿಕೊಂಡಂತೆ ನ್ಯಾಯಾಲಯದ ಹೊರಗೆ ಮಧ್ಯಸ್ಥರು ವಿವಾದವನ್ನು ತೀರ್ಮಾನಿಸುವ ವಿಧಾನ) ಮೊದಲ ಸೆಕ್ಷನ್‌ನಿಂದ ಕೊನೆಯವರೆಗೆ ಸಾಲಾಗಿ ಓದುವುದಕ್ಕಿಂತ, ಒಂದು ದೊಡ್ಡ ವಿವಾದವನ್ನು ಹಿಡಿದು ಅದು ಯಾವ ಯಾವ ಸೆಕ್ಷನ್‌ಗಳ ಬಾಗಿಲು ತಟ್ಟಿತು ಎಂದು ನೋಡುತ್ತಾ ಹೋಗುವುದು ಹೆಚ್ಚು ಫಲ ಕೊಡುತ್ತದೆ ಎಂಬುದು ನನ್ನ ಅಭಿಪ್ರಾಯ. ಅಂಥ ಓದಿಗೆ ಬೆಂಗಳೂರಿನದೇ ಎರಡು ಕಂಪನಿಗಳ ನಡುವಿನ ಆಂಟ್ರಿಕ್ಸ್–ದೇವಾಸ್ ವಿವಾದಕ್ಕಿಂತ ಸಮೃದ್ಧವಾದ ಸಾಮಗ್ರಿ ನಮ್ಮಲ್ಲಿ ಇನ್ನೊಂದಿಲ್ಲ. ಇಸ್ರೋದ ವಾಣಿಜ್ಯ ಅಂಗವಾದ ಆಂಟ್ರಿಕ್ಸ್ ಕಾರ್ಪೊರೇಷನ್ 2005ರ ಜನವರಿ 28ರಂದು ದೇವಾಸ್ ಮಲ್ಟಿಮೀಡಿಯಾ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು, ಎರಡು ಉಪಗ್ರಹಗಳ ಎಸ್-ಬ್ಯಾಂಡ್ ತರಂಗಾಂತರದ ಟ್ರಾನ್ಸ್‌ಪಾಂಡರ್ (ಸಂಕೇತ ಸ್ವೀಕರಿಸಿ ಮರುಪ್ರಸಾರ ಮಾಡುವ ಸಾಧನ) ಸಾಮರ್ಥ್ಯದ ಶೇ. 90ರಷ್ಟನ್ನು ಗುತ್ತಿಗೆಗೆ ಕೊಡಲು ಒಪ್ಪಿತು. 2011ರ ಫೆಬ್ರವರಿ 17ರಂದು ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿ ಒಪ್ಪಂದವನ್ನು ರದ್ದುಪಡಿಸಲು ತೀರ್ಮಾನಿಸಿತು. ಫೆಬ್ರವರಿ 25ರಂದು ಆಂಟ್ರಿಕ್ಸ್ ರದ್ದತಿಯ ಪತ್ರ ಕಳುಹಿಸಿತು. ಅಲ್ಲಿಂದ ಶುರುವಾದ ಜಗಳ ದೆಹಲಿ, ಹೇಗ್, ಜಿನೀವಾ, ಸಿಯಾಟಲ್‌ಗಳನ್ನೆಲ್ಲ ಸುತ್ತಿದೆ.

ಮೊದಲು ಓದಬೇಕಾದುದು ಒಪ್ಪಂದದ 20ನೇ ವಿಧಿಯನ್ನು. ವಿವಾದ ಹುಟ್ಟಿದರೆ ಎರಡೂ ಕಂಪನಿಗಳ ಹಿರಿಯ ಆಡಳಿತಗಾರರು ಕೂತು ಮೂರು ವಾರಗಳಲ್ಲಿ ಬಗೆಹರಿಸಿಕೊಳ್ಳಲು ಯತ್ನಿಸಬೇಕು, ಆಗದಿದ್ದರೆ ಮೂವರು ಆರ್ಬಿಟ್ರೇಟರ್‌ಗಳ ಮಂಡಳಿಗೆ ಹೋಗಬೇಕು, ಪೀಠಸ್ಥಾನ (ಆರ್ಬಿಟ್ರೇಷನ್‌ಗೆ ಕಾನೂನಿನ ನೆಲೆಯಾಗುವ ಸ್ಥಳ) ನವದೆಹಲಿ, ವಿಧಾನ ಮಾತ್ರ ಐಸಿಸಿ (ಇಂಟರ್‌ನ್ಯಾಷನಲ್ ಚೇಂಬರ್ ಆಫ್ ಕಾಮರ್ಸ್) ಅಥವಾ ಅನ್‌ಸಿಟ್ರಾಲ್ (ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ವಾಣಿಜ್ಯ ಕಾನೂನು ಆಯೋಗ) ನಿಯಮಗಳಂತೆ. ಈ 'ಅಥವಾ'ದಲ್ಲಿಯೇ ಮೊದಲ ತೊಡಕು ಹುಟ್ಟಿತು. ಐಸಿಸಿ ನಿಯಮವೆಂದರೆ ಪ್ಯಾರಿಸ್‌ನಲ್ಲಿ ಕೇಂದ್ರವಿರುವ ಸಂಸ್ಥೆಯೊಂದು ಪ್ರಕರಣದ ಆಡಳಿತವನ್ನು ನೋಡಿಕೊಳ್ಳುತ್ತದೆ. ಅನ್‌ಸಿಟ್ರಾಲ್ ನಿಯಮವೆಂದರೆ ಸಾಮಾನ್ಯವಾಗಿ ಯಾವ ಸಂಸ್ಥೆಯ ಮೇಲ್ವಿಚಾರಣೆಯೂ ಇಲ್ಲದೆ ಪಕ್ಷಕಾರರೂ ಮಂಡಳಿಯೂ ಸೇರಿ ನಡೆಸಿಕೊಳ್ಳುವ ವ್ಯವಸ್ಥೆ. ಆಯ್ಕೆ ಯಾರದು ಎಂದು ಒಪ್ಪಂದ ಹೇಳಲಿಲ್ಲ. ಹಿರಿಯ ಆಡಳಿತಗಾರರ ಮಾತುಕತೆಯ ಹಂತಕ್ಕೆ ಆಂಟ್ರಿಕ್ಸ್ ಕರೆಯುತ್ತಿದ್ದಾಗಲೇ ದೇವಾಸ್ 2011ರ ಜೂನ್ 29ರಂದು ಐಸಿಸಿಗೆ ಅರ್ಜಿ ಹಾಕಿತು. ಅದನ್ನೊಪ್ಪದ ಆಂಟ್ರಿಕ್ಸ್ ತನ್ನದೇ ಆರ್ಬಿಟ್ರೇಟರ್‌ನ್ನು ಹೆಸರಿಸಿ, ಆರ್ಬಿಟ್ರೇಟರ್ ನೇಮಕದ ಸೆಕ್ಷನ್ 11ರಡಿ ಸುಪ್ರೀಂ ಕೋರ್ಟಿನ ಮೊರೆ ಹೋಯಿತು. 2013ರ ಮೇ 10ರ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ್ದಿಷ್ಟು: ಒಂದು ಪಕ್ಷ ಷರತ್ತನ್ನು ಬಳಸಿಕೊಂಡು ಮಂಡಳಿಯ ರಚನೆಯಾದ ಮೇಲೆ, ಅದೇ ಷರತ್ತಿನಡಿ ಇನ್ನೊಂದು ಮಂಡಳಿಯನ್ನು ಸೆಕ್ಷನ್ 11ರ ಮೂಲಕ ಕೇಳಲು ಬರುವುದಿಲ್ಲ, ಆಕ್ಷೇಪವಿದ್ದರೆ ಕಾಯಿದೆಯ ಬೇರೆ ದಾರಿಗಳಿವೆ. ಷರತ್ತಿನ ಅರೆಬರೆ ಮಾತಿಗೆ ಎರಡು ವರ್ಷ ಹೋಯಿತು.

ಇಲ್ಲಿಯೇ ಪರೀಕ್ಷೆಯಲ್ಲಿ ಪದೇ ಪದೇ ತಪ್ಪಾಗುವ ಒಂದು ಅಂಶವಿದೆ. ಐಸಿಸಿ ನಿಯಮಗಳಡಿ ನಡೆದ ಮಾತ್ರಕ್ಕೆ ಆರ್ಬಿಟ್ರೇಷನ್ 'ಅಂತಾರಾಷ್ಟ್ರೀಯ'ವಾಗುವುದಿಲ್ಲ. ಎರಡೂ ಕಂಪನಿಗಳು ಭಾರತದಲ್ಲಿ ನೋಂದಣಿಯಾದವು, ಪೀಠಸ್ಥಾನ ದೆಹಲಿ; ಹಾಗಾಗಿ ನಮ್ಮ ಕಾಯಿದೆಯ ದೃಷ್ಟಿಯಲ್ಲಿ ಇದು ದೇಶೀಯ ಐತೀರ್ಪು (ಐತೀರ್ಪು ಎಂದರೆ ಆರ್ಬಿಟ್ರೇಷನ್ ಮಂಡಳಿಯ ತೀರ್ಪು). ಈ ವರ್ಗೀಕರಣದ ಪರಿಣಾಮ ದೊಡ್ಡದು: ಐತೀರ್ಪಿನ ಮುಖದ ಮೇಲೆಯೇ ಕಾಣುವ ಕಾನೂನುಬಾಹಿರತೆಯ ಮೇಲೆ ಅದನ್ನು ರದ್ದುಪಡಿಸುವ ಆಧಾರ ಸೆಕ್ಷನ್ 34(2ಎ) ಪ್ರಕಾರ ದೇಶೀಯ ಐತೀರ್ಪಿಗೆ ಮಾತ್ರ ಲಭ್ಯ, ಭಾರತದಲ್ಲಿ ನಡೆದ ಅಂತಾರಾಷ್ಟ್ರೀಯ ವಾಣಿಜ್ಯ ಆರ್ಬಿಟ್ರೇಷನ್‌ಗೆ ಅಲ್ಲ. ಅದೇ ಕಾಗದ ಅಮೆರಿಕದ ನ್ಯಾಯಾಲಯಕ್ಕೆ ಹೋದಾಗ ಮಾತ್ರ ವಿದೇಶೀ ಐತೀರ್ಪಾಗುತ್ತದೆ.

ಐಸಿಸಿ ಮಂಡಳಿ 2015ರ ಸೆಪ್ಟೆಂಬರ್ 14ರಂದು ದೇವಾಸ್ ಪರವಾಗಿ 56.25 ಕೋಟಿ ಡಾಲರ್ ಪರಿಹಾರವನ್ನೂ, ಐತೀರ್ಪಿನ ದಿನದಿಂದ ಪಾವತಿಯವರೆಗೆ ಶೇ. 18ರ ಸರಳ ಬಡ್ಡಿಯನ್ನೂ ವಿಧಿಸಿತು. ಬಡ್ಡಿಯ ದರವನ್ನು ಲಘುವಾಗಿ ದಾಟಿ ಹೋಗಬಾರದು. ಸಿಯಾಟಲ್‌ನ ಫೆಡರಲ್ ನ್ಯಾಯಾಲಯ 2020ರ ಅಕ್ಟೋಬರ್‌ನಲ್ಲಿ ಈ ಐತೀರ್ಪನ್ನು ಮಾನ್ಯ ಮಾಡಿದಾಗ ಮೊತ್ತ ಸುಮಾರು 129 ಕೋಟಿ ಡಾಲರ್ ಆಗಿತ್ತು. ದೊಡ್ಡ ವಾಣಿಜ್ಯ ವಿವಾದದಲ್ಲಿ ತಡಮಾಡುವುದೂ ಒಂದು ತಂತ್ರವೆಂದು ಭಾವಿಸುವವರು ಇಂಥ ಲೆಕ್ಕವನ್ನು ಮುಂದಿಟ್ಟುಕೊಂಡು ಯೋಚಿಸಬೇಕು.

ಒಂದೇ ರದ್ದತಿ, ಮೂರು ಮಂಡಳಿಗಳು

ಈ ವಿವಾದವನ್ನು ನಿಜಕ್ಕೂ ಸಂಕೀರ್ಣವಾಗಿಸಿದ್ದು ಹಣದ ಮೊತ್ತವಲ್ಲ. ಯಾರು ಯಾವ ಕಾಗದಕ್ಕೆ ಸಹಿ ಹಾಕಿದ್ದರು ಎಂಬ ಪ್ರಶ್ನೆಯೇ ಇಲ್ಲಿಯ ಮೂಲ ಸಮಸ್ಯೆ. ಒಪ್ಪಂದ ಇದ್ದದ್ದು ಆಂಟ್ರಿಕ್ಸ್ ಮತ್ತು ದೇವಾಸ್ ನಡುವೆ. ರದ್ದು ಮಾಡಿಸಿದ್ದು ಭಾರತ ಸರ್ಕಾರ. ದೇವಾಸ್‌ನಲ್ಲಿ ಹಣ ಹೂಡಿದ್ದವರು ಮಾರಿಷಸ್‌ನ ಕಂಪನಿಗಳು ಮತ್ತು ಜರ್ಮನಿಯ ಡಾಯ್ಚ ಟೆಲಿಕಾಂ. ಸರ್ಕಾರ ಒಪ್ಪಂದದ ಪಕ್ಷಕಾರನಲ್ಲವಾದ್ದರಿಂದ ಐಸಿಸಿ ಮಂಡಳಿಯ ಮುಂದೆ ಅದನ್ನು ಎಳೆಯುವಂತಿರಲಿಲ್ಲ. ಆದರೆ ಭಾರತ–ಮಾರಿಷಸ್ ಹಾಗೂ ಭಾರತ–ಜರ್ಮನಿ ಹೂಡಿಕೆ ರಕ್ಷಣಾ ಒಪ್ಪಂದಗಳು ಹೂಡಿಕೆದಾರನಿಗೆ ನೇರವಾಗಿ ಸರ್ಕಾರದ ವಿರುದ್ಧ ಆರ್ಬಿಟ್ರೇಷನ್ ಹೂಡುವ ಹಕ್ಕು ಕೊಟ್ಟಿದ್ದವು. ಹೀಗೆ ಒಂದೇ ಘಟನೆಗೆ ಇನ್ನೆರಡು ಮಂಡಳಿಗಳು ಹುಟ್ಟಿಕೊಂಡವು.

ಈ ಎರಡು ಮಂಡಳಿಗಳು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಟ್ಟದ್ದು ಕಲಿಯುವವರಿಗೆ ದೊರೆತ ಅಪರೂಪದ ಅವಕಾಶ. ತರಂಗಾಂತರ ಸೇನೆಯ ಅಗತ್ಯಕ್ಕೆ ಬೇಕಾಗಿತ್ತು, ಆದ್ದರಿಂದ ದೇಶದ ಮೂಲಭೂತ ಭದ್ರತಾ ಹಿತಾಸಕ್ತಿಯ ವಿನಾಯಿತಿ ತನಗೆ ಅನ್ವಯಿಸುತ್ತದೆ ಎಂಬುದು ಸರ್ಕಾರದ ವಾದ. ಮಾರಿಷಸ್ ಹೂಡಿಕೆದಾರರ ಪ್ರಕರಣದಲ್ಲಿ 2016ರ ಜುಲೈನಲ್ಲಿ ಬಹುಮತದ ಐತೀರ್ಪು ಈ ವಾದವನ್ನು ಭಾಗಶಃ ಒಪ್ಪಿತು: ತರಂಗಾಂತರದ ಶೇ. 60ರಷ್ಟು ಭದ್ರತೆಗೆ ಸೇರಿದ್ದು, ಉಳಿದ ಶೇ. 40ಕ್ಕೆ ಪರಿಹಾರ ಕೊಡಬೇಕು. ಜರ್ಮನಿಯ ಪ್ರಕರಣದ ಮಂಡಳಿ 2017ರ ಡಿಸೆಂಬರ್‌ನಲ್ಲಿ ಅದೇ ವಾದವನ್ನು ಪೂರ್ತಿಯಾಗಿ ತಳ್ಳಿಹಾಕಿತು. ಮುಂದೆ 2020ರಲ್ಲಿ ಮಾರಿಷಸ್ ಹೂಡಿಕೆದಾರರಿಗೆ 11.1 ಕೋಟಿ ಡಾಲರ್, ಡಾಯ್ಚ ಟೆಲಿಕಾಂಗೆ 9.33 ಕೋಟಿ ಡಾಲರ್ ಮತ್ತು ಬಡ್ಡಿ ನಿಗದಿಯಾಯಿತು. ಆರ್ಬಿಟ್ರೇಷನ್‌ನಲ್ಲಿ ಒಂದು ಮಂಡಳಿಯ ನಿರ್ಣಯ ಇನ್ನೊಂದಕ್ಕೆ ಪೂರ್ವನಿದರ್ಶನವಾಗಿ ಬಂಧಕವಲ್ಲ ಎಂಬ ಮಾತನ್ನು ಎಲ್ಲರೂ ಓದಿರುತ್ತೇವೆ. ಅದರ ಬೆಲೆ ಏನೆಂಬುದು ಇಲ್ಲಿ ಕಾಣುತ್ತದೆ.

ಐತೀರ್ಪಿನ ನಂತರ

ಆರ್ಬಿಟ್ರೇಷನ್ ಎಂದರೆ ನ್ಯಾಯಾಲಯದಿಂದ ದೂರವಿರುವುದು ಎಂಬ ತಿಳಿವಳಿಕೆ ಐತೀರ್ಪು ಬರುವವರೆಗೆ ಮಾತ್ರ ಅಷ್ಟಿಷ್ಟು ಸರಿ. ಐತೀರ್ಪನ್ನು ಯಾವ ನ್ಯಾಯಾಲಯದಲ್ಲಿ ಪ್ರಶ್ನಿಸಬೇಕು ಎಂಬುದರ ಮೇಲೆಯೇ ಇಲ್ಲಿ ಐದು ವರ್ಷ ವಾದ ನಡೆಯಿತು. ಆಂಟ್ರಿಕ್ಸ್ ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿಗೆ ಹೋಯಿತು. ದೇವಾಸ್ ದೆಹಲಿ ಹೈಕೋರ್ಟಿನಲ್ಲಿ ಅರ್ಜಿ ಹಾಕಿತು. ಮೊದಲು ಅರ್ಜಿ ಹೋದ ನ್ಯಾಯಾಲಯಕ್ಕೇ ಮುಂದಿನ ಅರ್ಜಿಗಳೆಲ್ಲ ಹೋಗಬೇಕು ಎನ್ನುವ ಸೆಕ್ಷನ್ 42 ಒಂದು ಕಡೆ, ಪೀಠಸ್ಥಾನ ದೆಹಲಿ ಎಂಬ ಒಪ್ಪಂದದ ಮಾತು ಇನ್ನೊಂದು ಕಡೆ. ಪೀಠಸ್ಥಾನವನ್ನು ಗೊತ್ತುಪಡಿಸಿದರೆ ಅಲ್ಲಿನ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ ಎಂದು ಸುಪ್ರೀಂ ಕೋರ್ಟು ಬಿಜಿಎಸ್ ಎಸ್‌ಜಿಎಸ್ ಸೋಮಾ ಪ್ರಕರಣದಲ್ಲಿ 2019ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ದೇವಾಸ್ ವಿಷಯದಲ್ಲಿ 2020ರ ನವೆಂಬರ್ 4ರಂದು ಅರ್ಜಿಯನ್ನು ಬೆಂಗಳೂರಿನಿಂದ ದೆಹಲಿ ಹೈಕೋರ್ಟಿಗೆ ವರ್ಗಾಯಿಸಿ, ಐತೀರ್ಪಿನ ಜಾರಿಯನ್ನು ತಡೆಹಿಡಿಯಲಾಯಿತು. ಅದೇ ದಿನ ಕೇಂದ್ರ ಸರ್ಕಾರ ಸುಗ್ರೀವಾಜ್ಞೆಯೊಂದನ್ನು ಹೊರಡಿಸಿ ಸೆಕ್ಷನ್ 36ಕ್ಕೆ ತಿದ್ದುಪಡಿ ತಂದಿತು: ಒಪ್ಪಂದ ಅಥವಾ ಐತೀರ್ಪು ವಂಚನೆಯಿಂದಲೋ ಭ್ರಷ್ಟಾಚಾರದಿಂದಲೋ ಹುಟ್ಟಿದ್ದೆಂದು ಮೇಲುನೋಟಕ್ಕೆ ಕಂಡರೆ ಜಾರಿಗೆ ಷರತ್ತಿಲ್ಲದ ತಡೆ ಕೊಡಬೇಕು. ದಿನಾಂಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದುವ ಅಭ್ಯಾಸ ಇಂಥ ಕಡೆ ಉಪಯೋಗಕ್ಕೆ ಬರುತ್ತದೆ.

ವಂಚನೆಯ ಪ್ರಶ್ನೆ ಈ ಪ್ರಕರಣದ ತಿರುಳು. ಸಿಬಿಐ ಎಫ್‌ಐಆರ್ ದಾಖಲಾದದ್ದು 2015ರಲ್ಲಿ, ಆರೋಪಪಟ್ಟಿ 2016ರಲ್ಲಿ. 2021ರಲ್ಲಿ ಆಂಟ್ರಿಕ್ಸ್ ಕಂಪನಿ ಕಾಯಿದೆಯ ಸೆಕ್ಷನ್ 271(ಸಿ) ಅಡಿ, ವಂಚನೆಯ ಉದ್ದೇಶದಿಂದಲೇ ಸ್ಥಾಪಿತವಾದ ಕಂಪನಿ ಎಂದು ದೇವಾಸ್ ವಿರುದ್ಧ ಅರ್ಜಿ ಸಲ್ಲಿಸಿತು. ಬೆಂಗಳೂರಿನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ ಮೇ 25ರಂದು ಸಮಾಪನೆಗೆ (ಕಂಪನಿಯನ್ನು ಮುಚ್ಚಲು) ಆದೇಶಿಸಿತು. 2022ರ ಜನವರಿ 17ರಂದು ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದು, ಬೇರಿನಲ್ಲೇ ವಂಚನೆಯಿದ್ದರೆ ಒಪ್ಪಂದದಿಂದ ಹಿಡಿದು ಐತೀರ್ಪಿನವರೆಗೆ ಎಲ್ಲವೂ ಅದರಿಂದ ಕಲುಷಿತವಾಗುತ್ತವೆ ಎಂಬ ನಿಲುವು ತಳೆಯಿತು. ಅದನ್ನನುಸರಿಸಿ ದೆಹಲಿ ಹೈಕೋರ್ಟು ಅದೇ ವರ್ಷದ ಆಗಸ್ಟ್ 29ರಂದು ಐಸಿಸಿ ಐತೀರ್ಪನ್ನು ರದ್ದುಗೊಳಿಸಿತು. 2023ರ ಮಾರ್ಚ್‌ನಲ್ಲಿ ವಿಭಾಗೀಯ ಪೀಠವೂ ಒಪ್ಪಿತು. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಿ ಓದಬೇಕು. ವಂಚನೆಯ ಆರೋಪವಿದ್ದ ಮಾತ್ರಕ್ಕೆ ಆರ್ಬಿಟ್ರೇಟರ್‌ಗೆ ಅಧಿಕಾರ ತಪ್ಪುವುದಿಲ್ಲ; ಅಯ್ಯಸಾಮಿ (2016) ಮತ್ತು ಅವಿಟೆಲ್ (2020) ತೀರ್ಪುಗಳ ಪ್ರಕಾರ ಅಧಿಕಾರ ತಪ್ಪಲು ಆರೋಪ ಒಪ್ಪಂದವನ್ನೇ ಪೂರ್ತಿಯಾಗಿ ಆವರಿಸುವಂಥದ್ದೋ ಅಥವಾ ಸಾರ್ವಜನಿಕ ಸ್ವರೂಪದ್ದೋ ಆಗಿರಬೇಕು. ಬಂದ ಐತೀರ್ಪು ಸಾರ್ವಜನಿಕ ನೀತಿಗೆ ವಿರುದ್ಧವೇ ಎಂಬುದು ಬೇರೆಯೇ ಪ್ರಶ್ನೆ. ಅದು ಸೆಕ್ಷನ್ 34ರದು. ದೇವಾಸ್ ಪ್ರಕರಣ ಎರಡನೆಯದಕ್ಕೆ ಉದಾಹರಣೆ. ವಂಚನೆ ಸಾಬೀತಾದರೆ ಐತೀರ್ಪು ಉಳಿಯಬಾರದೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ರದ್ದತಿಯ ಪತ್ರದಲ್ಲಿ ಸರ್ಕಾರದ ನೀತಿ ನಿರ್ಧಾರವನ್ನು ಕಾರಣವಾಗಿ ಕೊಟ್ಟ ಪಕ್ಷ ಹತ್ತು ವರ್ಷಗಳ ನಂತರ ವಂಚನೆಯ ಆಧಾರದ ಮೇಲೆ ಸಮಾಪನೆ ಕೇಳುವುದು ಹೊರದೇಶದ ಹೂಡಿಕೆದಾರನ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನೂ ಉತ್ತರಪತ್ರಿಕೆಯಲ್ಲಿ ಚರ್ಚಿಸಬೇಕು.

ರದ್ದಾದ ಐತೀರ್ಪು ಎಲ್ಲೆಡೆಯೂ ಸತ್ತಿತೇ? 1958ರ ನ್ಯೂಯಾರ್ಕ್ ಒಡಂಬಡಿಕೆಯ 5ನೇ ವಿಧಿ, ಪೀಠಸ್ಥಾನದ ನ್ಯಾಯಾಲಯ ರದ್ದುಪಡಿಸಿದ ಐತೀರ್ಪಿಗೆ ಇತರ ದೇಶಗಳು ಮಾನ್ಯತೆಯನ್ನು 'ನಿರಾಕರಿಸಬಹುದು' ಎನ್ನುತ್ತದೆಯೇ ಹೊರತು ನಿರಾಕರಿಸಲೇಬೇಕು ಎನ್ನುವುದಿಲ್ಲ. ಹಾಗಾಗಿ ದೇವಾಸ್‌ನ ವಿದೇಶೀ ಹೂಡಿಕೆದಾರರು ಅಮೆರಿಕದಲ್ಲಿ ಪ್ರಯತ್ನ ಬಿಡಲಿಲ್ಲ. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು ಆಂಟ್ರಿಕ್ಸ್ ಮೇಲೆ ಅಲ್ಲಿನ ನ್ಯಾಯಾಲಯದ ಅಧಿಕಾರ ವ್ಯಾಪ್ತಿಯ ಪ್ರಶ್ನೆಯಲ್ಲಿ ಹೂಡಿಕೆದಾರರ ಪರವಾಗಿ ಸರ್ವಾನುಮತದಿಂದ ತೀರ್ಪಿತ್ತು, ಉಳಿದ ವಾದಗಳನ್ನು ಕೆಳ ನ್ಯಾಯಾಲಯಕ್ಕೆ ಬಿಟ್ಟಿತು. ಐತೀರ್ಪು ಸರಿಯೇ ತಪ್ಪೇ ಎಂಬುದರ ಬಗ್ಗೆ ಅದು ಏನನ್ನೂ ಹೇಳಲಿಲ್ಲ.

ಮೀಡಿಯೇಷನ್‌ಗೆ ಜಾಗವೆಲ್ಲಿ?

ಆರ್ಬಿಟ್ರೇಟರ್ ಹಕ್ಕನ್ನು ನಿರ್ಣಯಿಸುತ್ತಾನೆ. ಮೀಡಿಯೇಟರ್ ಏನನ್ನೂ ನಿರ್ಣಯಿಸುವುದಿಲ್ಲ, ಪಕ್ಷಕಾರರೇ ಒಪ್ಪಂದಕ್ಕೆ ಬರುವಂತೆ ಮಾತುಕತೆಯನ್ನು ನಡೆಸಿಕೊಡುತ್ತಾನೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 89ರ ಮೇಲಿನ ಆಫ್‌ಕಾನ್ಸ್ ತೀರ್ಪು (2010) ಈ ವ್ಯತ್ಯಾಸವನ್ನು ಚೆನ್ನಾಗಿ ಬಿಡಿಸಿಟ್ಟಿದೆ. ಅದನ್ನು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಎಲ್ಲ ಪಕ್ಷಕಾರರ ಸಮ್ಮತಿಯಿಲ್ಲದೆ ನ್ಯಾಯಾಲಯ ಯಾರನ್ನೂ ಆರ್ಬಿಟ್ರೇಷನ್‌ಗೆ ಕಳುಹಿಸುವಂತಿಲ್ಲ, ಆದರೆ ಮೀಡಿಯೇಷನ್‌ಗೆ ಸಮ್ಮತಿಯಿಲ್ಲದೆಯೂ ಕಳುಹಿಸಬಹುದು. ಏಕೆಂದರೆ ಅಲ್ಲಿಂದ ಬರಿಗೈಯಲ್ಲಿ ಎದ್ದು ಬರುವ ಸ್ವಾತಂತ್ರ್ಯ ಕೊನೆಯವರೆಗೂ ಉಳಿದಿರುತ್ತದೆ. ವಂಚನೆ, ನಕಲಿ ದಾಖಲೆ ಸೃಷ್ಟಿಗಳ ಗಂಭೀರ ಆರೋಪಗಳಿರುವ ಪ್ರಕರಣಗಳು ಸಾಮಾನ್ಯವಾಗಿ ಇಂಥ ಮಾರ್ಗಕ್ಕೆ ಒಗ್ಗುವುದಿಲ್ಲ ಎಂದೂ ಅದೇ ತೀರ್ಪು ಹೇಳುತ್ತದೆ.

ವಾಣಿಜ್ಯ ನ್ಯಾಯಾಲಯಗಳ ಕಾಯಿದೆಗೆ 2018ರಲ್ಲಿ ಸೇರಿದ ಸೆಕ್ಷನ್ 12ಎ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ತುರ್ತು ಪರಿಹಾರ ಕೇಳದ ವಾಣಿಜ್ಯ ದಾವೆಗೆ ಮೊದಲು ಮೀಡಿಯೇಷನ್ ಮುಗಿಸಿಕೊಂಡು ಬರಬೇಕೆಂದಿತು. ಇದು ಕಡ್ಡಾಯ, ತಪ್ಪಿದರೆ ದಾವೆಪತ್ರವೇ ತಿರಸ್ಕೃತವಾಗುತ್ತದೆ ಎಂದು 2022ರ ಆಗಸ್ಟ್‌ನ ಪಾಟೀಲ್ ಆಟೊಮೇಷನ್ ತೀರ್ಪು ಖಚಿತಪಡಿಸಿತು. ಅಲ್ಲಿ ಆದ ರಾಜಿಗೆ ಆರ್ಬಿಟ್ರೇಷನ್ ಐತೀರ್ಪಿನಷ್ಟೇ ಬಲ. 2023ರ ಮೀಡಿಯೇಷನ್ ಕಾಯಿದೆಯ ಪಠ್ಯ ರಾಜಿ ಒಪ್ಪಂದಕ್ಕೆ ನ್ಯಾಯಾಲಯದ ಡಿಕ್ರಿಯ ಬಲ ಕೊಟ್ಟು, ಪ್ರಕ್ರಿಯೆಗೆ 120 ದಿನಗಳ ಮಿತಿ ಹಾಕಿ, 60 ದಿನಗಳ ವಿಸ್ತರಣೆಗೆ ಅವಕಾಶವಿಟ್ಟಿದೆ. ಬೆಂಗಳೂರಿನಲ್ಲಿ 2007ರಿಂದಲೇ ಹೈಕೋರ್ಟಿನ ಆಶ್ರಯದಲ್ಲಿ ಮೀಡಿಯೇಷನ್ ಕೇಂದ್ರ ನಡೆಯುತ್ತಿದೆ.

ಹಾಗಾದರೆ ಆಂಟ್ರಿಕ್ಸ್–ದೇವಾಸ್ ವಿವಾದ ಮಾತುಕತೆಯಲ್ಲಿ ಮುಗಿಯಬಹುದಿತ್ತೇ? ಒಪ್ಪಂದ ರದ್ದಾಗಬೇಕೆಂಬ ಸಂಪುಟ ಸಮಿತಿಯ ತೀರ್ಮಾನ ಯಾವ ಮೀಡಿಯೇಟರ್‌ನ ಕೈಗೂ ಸಿಗುವಂಥದ್ದಲ್ಲ. ಆದರೆ ರದ್ದತಿಯ ನಂತರ ಉಳಿದದ್ದು ಬರೀ ಹಣದ ಪ್ರಶ್ನೆ. 2011ರ ಏಪ್ರಿಲ್‌ನಲ್ಲಿ ಆಂಟ್ರಿಕ್ಸ್ ಮುಂಗಡ ಶುಲ್ಕವಾದ ಸುಮಾರು 58.37 ಕೋಟಿ ರೂಪಾಯಿಗಳ ಚೆಕ್ ಕಳುಹಿಸಿತು, ದೇವಾಸ್ ಅದನ್ನು ಹಿಂದಿರುಗಿಸಿತು. ಆ ಚೆಕ್ಕಿಗೂ ಮಂಡಳಿ ಮುಂದೆ ವಿಧಿಸಿದ 56.25 ಕೋಟಿ ಡಾಲರ್‌ಗೂ ನಡುವಿನ ವಿಶಾಲ ಅಂತರವೇ ಮೀಡಿಯೇಟರ್‌ನ ಕೆಲಸದ ಕ್ಷೇತ್ರ. ಒಪ್ಪಂದದಲ್ಲಿದ್ದ ಮೂರು ವಾರಗಳ ಹಂತ ಇದಕ್ಕೆ ಸಾಲದು: ಅಲ್ಲಿ ತಟಸ್ಥ ವ್ಯಕ್ತಿಯಿಲ್ಲ, ಗೋಪ್ಯತೆಯ ಖಾತರಿಯಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಹಣ ಕೊಡುವ ನಿರ್ಧಾರ ಕೈಗೊಳ್ಳಬಲ್ಲ ಸರ್ಕಾರ ಆ ಮೇಜಿನಲ್ಲಿ ಕೂರುವುದಿಲ್ಲ. ಸಾರ್ವಜನಿಕ ಸಂಸ್ಥೆಯ ಅಧಿಕಾರಿಗೆ ಐತೀರ್ಪಿನಂತೆ ನೂರು ಕೋಟಿ ಕೊಡುವುದು ಸುಲಭ, ರಾಜಿಯಲ್ಲಿ ಐವತ್ತು ಕೋಟಿಗೆ ಸಹಿ ಹಾಕುವುದು ಕಷ್ಟ. ಮೊದಲನೆಯದಕ್ಕೆ ಹೊಣೆ ಮಂಡಳಿಯದು, ಎರಡನೆಯದಕ್ಕೆ ನಾಳೆ ಲೆಕ್ಕಪರಿಶೋಧನೆಯಲ್ಲಿ ಉತ್ತರಿಸಬೇಕಾದವನು ಅವನೇ. ಹಣಕಾಸು ಸಚಿವಾಲಯದ 2024ರ ಜೂನ್ ಮಾರ್ಗಸೂಚಿ, ಸರ್ಕಾರಿ ಖರೀದಿ ಒಪ್ಪಂದಗಳಲ್ಲಿ ಆರ್ಬಿಟ್ರೇಷನ್ ಷರತ್ತನ್ನು ಸಾಮಾನ್ಯವಾಗಿ 10 ಕೋಟಿ ರೂಪಾಯಿಗಿಂತ ಕಡಿಮೆ ಮೌಲ್ಯದ ವಿವಾದಗಳಿಗೆ ಸೀಮಿತಗೊಳಿಸಿ, ದೊಡ್ಡವುಗಳಿಗೆ ಮೀಡಿಯೇಷನ್‌ನತ್ತ ಬೆರಳು ತೋರಿಸುತ್ತದೆ. ರಾಜಿಯ ಪ್ರಸ್ತಾವವನ್ನು ಪರಿಶೀಲಿಸಲು ಉನ್ನತ ಮಟ್ಟದ ಸಮಿತಿಯ ಸಲಹೆಯೂ ಅದರಲ್ಲಿದೆ. ಸಹಿಯ ಭಾರವನ್ನು ಒಬ್ಬನ ಹೆಗಲಿನಿಂದ ಇಳಿಸುವ ಈ ಅಂಶವೇ ಅದರಲ್ಲಿ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು.

ದೇವಾಸ್ ವಿಷಯದಲ್ಲಿ ಆ ಅವಕಾಶ ಇದ್ದದ್ದು 2011ರಿಂದ 2015ರ ಎಫ್‌ಐಆರ್‌ವರೆಗಿನ ನಾಲ್ಕು ವರ್ಷ ಮಾತ್ರ. ಅದರ ನಂತರ ವಿವಾದ ಆಫ್‌ಕಾನ್ಸ್ ತೀರ್ಪು ಹೊರಗಿಟ್ಟ ವರ್ಗಕ್ಕೆ ಸೇರಿಹೋಯಿತು, ಆರೋಪಿ ಸ್ಥಾನದಲ್ಲಿರುವ ಕಂಪನಿಯೊಂದಿಗೆ ರಾಜಿಗೆ ಸಹಿ ಹಾಕುವ ಧೈರ್ಯ ಯಾವ ಅಧಿಕಾರಿಗೂ ಇರಲು ಸಾಧ್ಯವಿರಲಿಲ್ಲ.